ಯೋಬನ ಗೆಳೆಯರಂತೆ ಏಳು ದಿನ

ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು (ಯೋಬ 2:13). ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ. ನಿಮ್ಮ ಗೆಳತಿಗೆ ಕ್ಯಾನ್ಸರ್ ಎಂದು ತಿಳಿದಾಗ "ಯಾವ ಪಾಪದ ಫಲವೋ" ಎಂಬುದಂತೂ ಇರಲಿ, "ನಮ್ಮ ಚಿಕ್ಕಮ್ಮ ಇದರಲ್ಲೇ ಹೋದರು" ಎಂಬ ಮಾತೂ ಬೇಡ.

ಬೀರೂರಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರಿಗೆ ರೈಲು ಅನುಕೂಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಕಿಮೋ ಎಂದರೆ ಹಲವು ಸಲದ ಓಡಾಟ. ಪ್ರತಿ ಸಲವೂ ಗಂಡ ಕೆಲಸ ಬಿಡಲಾಗದು. ಆ ಒಬ್ಬರು ನೀವಾಗಬಹುದೇ?

ಕಿಮೋ ಆದ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣಗಳು ಬಹಳ ಇಳಿಯುತ್ತವೆ. ನೆಗಡಿ ಇದ್ದವರು ಆಗ ನೋಡಲು ಹೋಗಬಾರದು, ಎಷ್ಟೇ ಪ್ರೀತಿಯಿದ್ದರೂ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಜೀವಕ್ಕೇ ಅಪಾಯ. ಒಗ್ಗರಣೆಯ ವಾಸನೆಗೇ ವಾಂತಿ ಬರುವುದುಂಟು. ಅವರ ಮನೆಮಂದಿಯ ಅಡುಗೆಯನ್ನು ನಿಮ್ಮ ಮನೆಯಲ್ಲೇ ಮಾಡಿ ಒಯ್ಯಿರಿ.

"ಫಾದರ್ ಬಂದರೆ ಕೊನೆಗಾಲ ಎಂದುಕೊಂಡಾಳು" ಎಂದು ಗುರುಗಳನ್ನು ಕರೆಸಲು ಹೆದರುವವರಿದ್ದಾರೆ. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರವಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ (1962–65) ಹೇಳಿದೆ. ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ರೋಗಿಗಿಲ್ಲ, ಆರೈಕೆ ಮಾಡುವವರಿಗೂ ಇಲ್ಲ. "ಈಗಷ್ಟೇ ಗಂಜಿ ಕುಡಿದೆ" ಎಂದು ಅವಳು ಭಾನುವಾರ ಹಿಂಜರಿದರೆ ಇದನ್ನು ತಿಳಿಸಿ.