ದೂರದ ದಾರಿಗೆ ಪಿಕಪ್ ಗಾಡಿಯ ಸಿದ್ಧತೆ



ಎತ್ತಿನ ಗಾಡಿ ಹೂಡುವ ಮುನ್ನ ಹಿರಿಯರು ಕಡಾಣಿಯನ್ನೂ ಎತ್ತಿನ ಲಾಳವನ್ನೂ ನೋಡುತ್ತಿದ್ದರು. ಅಡಿಕೆ, ಬಾಳೆಗೊನೆ ಹೇರಿ ದೂರ ಹೊರಡುವ ಪಿಕಪ್ ಗಾಡಿಗೂ ಅದೇ ಎಚ್ಚರ ಬೇಕು. ಕರಾವಳಿಗೆ ಹೋಗುವವರು ಶಿರಸಿಯಿಂದಾದರೆ ದೇವಿಮನೆ, ಸಿದ್ದಾಪುರದಿಂದಾದರೆ ದೊಡ್ಮನೆ, ಯಲ್ಲಾಪುರದಿಂದಾದರೆ ಅರಬೈಲು ಘಟ್ಟ ಇಳಿಯಬೇಕು.

ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇಟ್ಟರೆ ಅದು ಕಾಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಎಣ್ಣೆ ಬೇಗ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆಗ ಎಷ್ಟು ಒತ್ತಿದರೂ ಗಾಡಿ ನಿಲ್ಲದು. ಆದುದರಿಂದ ಸುಮಾರು 2 ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಬದಲಿಸಿರಿ. ಘಟ್ಟದ ತಲೆಯಲ್ಲೇ ಕೆಳಗಿನ ಗೇರಿಗೆ ಬನ್ನಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯಬೇಡಿರಿ. ಏರಿ ಬರುವ ಗಾಡಿಗೆ ದಾರಿ ಬಿಡುವುದು ನಿಯಮ.

ಹಿಂದಿನ ದಿನವೇ ಮಾಡತಕ್ಕ ಕೆಲಸಗಳು:

1. ಟಯರು ತಣ್ಣಗಿರುವಾಗ ಗಾಳಿ ಅಳೆಯಿಸಿರಿ. ಹೆಚ್ಚುವರಿ ಚಕ್ರವನ್ನೂ ಮರೆಯಬೇಡಿರಿ. ಟಯರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಹೊಸದು ಹಾಕಿಸಿರಿ.
2. ಇಂಜಿನ್ ಎಣ್ಣೆ, ರೇಡಿಯೇಟರ್ ನೀರು, ದೀಪ, ವೈಪರ್, ಜಾಕು ನೋಡಿಕೊಳ್ಳಿರಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿರಿ.
3. ಆರ್.ಸಿ.ಯಲ್ಲಿ ನಮೂದಾದ ತೂಕ ಮೀರಬೇಡಿರಿ. ಭಾರದ ಮೂಟೆ ಕೆಳಗಿರಲಿ. ಹಗ್ಗ ಬಿಗಿದು ತಾಡಪತ್ರಿ ಹೊದಿಸಿರಿ. ಮೂಟೆಗಳ ಮೇಲೆ ಆಳುಗಳನ್ನು ಕೂರಿಸಬೇಡಿರಿ.
4. ವಿಮೆ, ಲೈಸೆನ್ಸ್, ಹೊಗೆ ತಪಾಸಣೆಯ ಪತ್ರಗಳ ಅವಧಿ ನೋಡಿರಿ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದವರು ಪ್ರಾಣ ಕಳೆದುಕೊಂಡರು. ಮಳೆಗಾಲದಲ್ಲಿ ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿರಿ. ಧರೆಯ ಬುಡದಲ್ಲಿ ಗಾಡಿ ನಿಲ್ಲಿಸಬೇಡಿರಿ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಿರಿ. ಒಂದು ದಿನ ತಡವಾದರೆ ಅಡಿಕೆ ಕೆಡುವುದಿಲ್ಲ.