ಹೊಳೆ ಊರೊಳಗೆ ಬಂದಾಗ

ನಮ್ಮ ಆದವಾನಿ ಸೀಮೆ ಬರಕ್ಕೆ ಹೆಸರಾದದ್ದು. ಮಳೆಗಾಗಿ ಮುಗಿಲು ನೋಡುವವರಿಗೆ ನೆರೆಯಿಂದ ಮನೆ ಉಳಿಸಿಕೊಳ್ಳುವ ಪಾಠವೇಕೆ ಎಂದು ಪಾಲಕರು ಕೇಳಬಹುದು. 2009ರ ಅಕ್ಟೋಬರ್ ಮೊದಲ ವಾರವನ್ನು ಕಂಡವರು ಹಾಗೆ ಕೇಳಲಾರರು. ಆಗ ತುಂಗಭದ್ರೆ ಮಂತ್ರಾಲಯವನ್ನು ಮುಳುಗಿಸಿದಳು. ಕರ್ನೂಲಿನಲ್ಲಿ ಹಂದ್ರಿ ನದಿಯೂ ಅವಳೊಡನೆ ಸೇರಿ, ಪಟ್ಟಣದ ಎಷ್ಟೋ ಬೀದಿಗಳಲ್ಲಿ ಕೆಳಮಹಡಿಗಳು ನೀರಿನಡಿಯಾದವು. ಸೆಕೆಂಡಿಗೆ ಸುಮಾರು 19 ಲಕ್ಷ ಘನ ಅಡಿ ನೀರು ಬಂದರೂ ತಾಳಿಕೊಳ್ಳಲೆಂದು ಕಟ್ಟಿದ ಶ್ರೀಶೈಲದ ಅಣೆಕಟ್ಟೆಗೆ ಆಗ 25 ಲಕ್ಷದಷ್ಟು ನೀರು ಬಂದಿತು. ಇಂದು ನಮ್ಮ ಶಾಲೆಯಲ್ಲಿ ಓದುತ್ತಿರುವ ಬಹುಪಾಲು ಮಕ್ಕಳು ಆಗ ಹುಟ್ಟಿರಲಿಲ್ಲ. ಹುಟ್ಟಿದ್ದವರೂ ತೊಟ್ಟಿಲಲ್ಲಿದ್ದರು. ಆದ್ದರಿಂದಲೇ ಈ ಪಾಠ.

ನೀರು ಬರುತ್ತಿದೆಯೆಂದರೆ ಬಾಗಿಲು ಭದ್ರವಾಗಿ ಮುಚ್ಚಿ, ಸಂದುಗಳಿಗೆಲ್ಲ ಬಟ್ಟೆ ತುರುಕುವುದು ನಮ್ಮೆಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಅಪಾಯ ಎಂಬುದನ್ನು ನಮ್ಮ ಭೌತಶಾಸ್ತ್ರದ ಪುಸ್ತಕವೇ ಹೇಳುತ್ತದೆ. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ. ಜೊತೆಗೆ ನೀರು ಏರಿದಂತೆ ಅದು ತಾಗುವ ಗೋಡೆಯ ಭಾಗವೂ ಹೆಚ್ಚುತ್ತದೆ. ಎರಡೂ ಸೇರಿ, ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಒಂದು ಮೀಟರ್ ಅಗಲದ ಬಾಗಿಲನ್ನು ತೆಗೆದುಕೊಳ್ಳೋಣ. ಹೊರಗೆ ಅರ್ಧ ಮೀಟರ್, ಅಂದರೆ ಮೊಣಕಾಲುದ್ದ ನೀರು ನಿಂತರೆ ಆ ಬಾಗಿಲಿನ ಮೇಲೆ 125 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಒಂದು ಮೀಟರ್ ನಿಂತರೆ 500 ಕಿಲೋ. ಎರಡು ಮೀಟರ್ ನಿಂತರೆ 2000 ಕಿಲೋ! ಇದು ಒಂದು ಬಾಗಿಲಿನ ಲೆಕ್ಕ. ಹತ್ತು ಮೀಟರ್ ಉದ್ದದ ಗೋಡೆಯ ಲೆಕ್ಕವನ್ನು ಮಕ್ಕಳೇ ಮಾಡಿ ನೋಡಲಿ.

ಒಳಗೂ ಅಷ್ಟೇ ನೀರಿದ್ದರೆ ಎರಡು ಕಡೆಯ ಬಲಗಳು ಸರಿಹೋಗುತ್ತವೆ, ಗೋಡೆ ನಿಲ್ಲುತ್ತದೆ. ಆದುದರಿಂದ ಒಳ್ಳೆಯ ಇಟ್ಟಿಗೆ ಸಿಮೆಂಟಿನ ಮನೆಯಾದರೂ ಸುಮಾರು ಮೂರಡಿಯವರೆಗೆ ಮಾತ್ರ ನೀರನ್ನು ತಡೆಯಬೇಕು. ಅದಕ್ಕಿಂತ ಮೇಲೇರುವ ಸೂಚನೆಯಿದ್ದರೆ ಬಾಗಿಲು ತೆರೆದು ನೀರನ್ನು ಒಳಗೆ ಬಿಡಬೇಕು. ಹೇಳಲು ಸುಲಭ, ತನ್ನ ಮನೆಗೆ ತಾನೇ ಹೊಳೆಯನ್ನು ಕರೆಯಲು ಯಾರ ಮನಸ್ಸೂ ಒಪ್ಪದು. ಆದರೂ ನೆಲ ತೊಳೆಯುವುದು ಒಂದು ವಾರದ ಕೆಲಸ, ಬಿದ್ದ ಗೋಡೆ ಎಬ್ಬಿಸುವುದು ವರ್ಷಗಳ ಸಾಲ. ಇನ್ನು ನಮ್ಮ ಹಳ್ಳಿಗಳಲ್ಲಿ ಕಲ್ಲನ್ನು ಮಣ್ಣಿನಲ್ಲಿಟ್ಟು ಕಟ್ಟಿ, ಮೇಲೆ ಮಣ್ಣಿನ ಮಾಳಿಗೆ ಹಾಕಿದ ಹಳೆಯ ಮನೆಗಳಿವೆ. ಅವುಗಳಿಗೆ ಈ ಎರಡು ಉಪಾಯಗಳೂ ಸಲ್ಲವು. ನೆನೆದ ಮಣ್ಣು ಹಿಡಿತ ಬಿಡುತ್ತದೆ, ಮೇಲಿನ ಭಾರ ಹಾಗೆಯೇ ಇರುತ್ತದೆ. ಅಲ್ಲಿಂದ ಜನ, ದನ ಮೊದಲೇ ಹೊರಡಬೇಕು. ನೀರಿಳಿದ ಮೇಲೂ ಗೋಡೆ ಪರೀಕ್ಷಿಸದೆ ಒಳಗೆ ಮಲಗಬಾರದು.

ಹಾಗಾದರೆ ನಮ್ಮ ಮನೆಗೆ ಎಷ್ಟು ನೀರು ಬಂದೀತು? 2009ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಿರಿ. ದೇವಸ್ಥಾನದ ಗೋಡೆಯ ಮೇಲೋ ಕಂಬದ ಮೇಲೋ ಅವರು ತೋರಿಸುವ ಆ ಗುರುತನ್ನು ನಿಮ್ಮ ಮನೆಗೆ ತರಬಹುದು. ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆಯನ್ನು ಬಳಸುವುದನ್ನು ನೋಡಿದ್ದೀರಲ್ಲ. ಅದರ ಒಂದು ತುದಿಯ ನೀರನ್ನು ಗುರುತಿಗೆ ಹೊಂದಿಸಿದರೆ ಇನ್ನೊಂದು ತುದಿ ಅದೇ ಎತ್ತರವನ್ನು ತೋರಿಸುತ್ತದೆ. ಮನೆಯಿಂದ ಮನೆಗೆ ಹೀಗೆ ಸಾಗಿಸುತ್ತ ಹೋಗಿ ನಿಮ್ಮ ಗೋಡೆಯ ಮೇಲೊಂದು ಗೆರೆ ಎಳೆಯಿರಿ. ಮುಂದಿನ ನೆರೆ ಅದನ್ನು ಮೀರದೆಂದು ಯಾರೂ ಮಾತು ಕೊಟ್ಟಿಲ್ಲ, ಆದರೂ ಗೆರೆಯಿಲ್ಲದ ಗೋಡೆಗಿಂತ ಗೆರೆಯಿರುವ ಗೋಡೆ ಮೇಲು.

ಗೆರೆ ಮೊಣಕಾಲಿಗಿಂತ ಕೆಳಗಿದ್ದರೆ ಮರಳಿನ ಚೀಲಗಳು ಸಾಕು. ಚೀಲವನ್ನು ಬಾಯಿತನಕ ತುಂಬಬಾರದು; ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಬಾಯನ್ನು ಅಡಿಗೆ ಮಡಚಿ, ಇಟ್ಟಿಗೆ ಕಟ್ಟಿದಂತೆ ಸಂದಿಗೆ ಸಂದಿ ಬಾರದ ಹಾಗೆ ಇಟ್ಟು ತುಳಿಯಬೇಕು. ನೀರಿನ ಕಡೆಗೆ ತಾಡಪಾಲು ಹೊದಿಸಬೇಕು. ಬಾಗಿಲಲ್ಲಿ ಇಷ್ಟೆಲ್ಲ ಮಾಡಿ ಬಚ್ಚಲ ತೂಬನ್ನೂ ಪಾಯಖಾನೆಯನ್ನೂ ಮರೆತರೆ ಹೊಲಸು ನೀರು ಹಿಂದಿನಿಂದ ಉಕ್ಕಿ ಬರುತ್ತದೆ. ಅಲ್ಲಿಯೂ ಒಂದೊಂದು ಚೀಲ ಒತ್ತಿಡಿ.

ಗೆರೆ ಅದಕ್ಕೂ ಮೇಲಿದ್ದರೆ ವಸ್ತುಗಳನ್ನು ಎತ್ತರಕ್ಕೆ ಏರಿಸುವುದೇ ಮುಖ್ಯ. ಮನೆ ಕಟ್ಟಿಸುವವರು ಸ್ವಿಚ್ ಬೋರ್ಡುಗಳನ್ನೂ ಮೀಟರನ್ನೂ ಗೆರೆಯ ಮೇಲೆ ಹಾಕಿಸಲಿ. ಅಂಗಡಿಯವರು ಬೆಲೆಯುಳ್ಳ ಸರಕನ್ನು ಮೇಲಿನ ಹಲಗೆಗೂ ಅಟ್ಟಕ್ಕೂ ಏರಿಸಿ, ನೀರಿಗೆ ಕೆಡದ ಪಾತ್ರೆ, ಕಬ್ಬಿಣ ಮುಂತಾದುವನ್ನು ಕೆಳಗಿಡಲಿ. ಹತ್ತಿ, ಕಾಳು, ಸಿಮೆಂಟು ಒಮ್ಮೆ ನೆಂದರೆ ಮುಗಿಯಿತು. ಅಂಗಡಿಯ ವಿಮೆಯಲ್ಲಿ ನೆರೆಯ ನಷ್ಟವೂ ಸೇರಿದೆಯೇ ಎಂದು ಮಳೆಗಾಲಕ್ಕೆ ಮುಂಚೆಯೇ ಕೇಳಿಕೊಳ್ಳಲಿ. ಪಾಸ್ ಪುಸ್ತಕ, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೇ ಕಡೆ ಇಟ್ಟಿರಬೇಕು. ಹೊರಡುವಾಗ ಹುಡುಕುತ್ತ ಕೂಡುವಂತಿರಬಾರದು.

ಅಡುಗೆ ಅನಿಲದ ಸಿಲಿಂಡರು ತೇಲುತ್ತದೆಂದರೆ ಮಕ್ಕಳು ನಗುತ್ತಾರೆ. ತುಂಬಿದ ಸಿಲಿಂಡರಿನ ತೂಕ ಸುಮಾರು 30 ಕಿಲೋ. ಅದು ಪೂರ್ತಿ ಮುಳುಗಿದರೆ ಪಕ್ಕಕ್ಕೆ ತಳ್ಳುವ ನೀರು 33 ಲೀಟರಿಗೂ ಹೆಚ್ಚು. ಆರ್ಕಿಮಿಡೀಸನ ನಿಯಮದಂತೆ ಅದು ತೇಲಲೇಬೇಕು, ತೇಲುವಾಗ ರಬ್ಬರ್ ಕೊಳವೆಯನ್ನು ಕಿತ್ತುಕೊಳ್ಳಬಹುದು. ರೆಗ್ಯುಲೇಟರ್ ಮುಚ್ಚಿ, ಕಳಚಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಬೇಕು. ವಿದ್ಯುತ್ತಿನ ಮೇನ್ ಸ್ವಿಚ್ ಆರಿಸುವುದಾದರೆ ನೆಲ ಒಣಗಿರುವಾಗಲೇ ಆರಿಸಬೇಕು. ನೀರಿನಲ್ಲಿ ನಿಂತು ಅದನ್ನು ಮುಟ್ಟಬಾರದು.

ನೀರಿಳಿದ ಮೇಲೆ ನೆಲಮಾಳಿಗೆಯ ನೀರನ್ನು ಪಂಪು ಹಚ್ಚಿ ಒಂದೇ ದಿನ ಖಾಲಿ ಮಾಡುವ ಆತುರ ಬೇಡ. ಸುತ್ತಲಿನ ನೆಲ ಇನ್ನೂ ನೀರು ಕುಡಿದೇ ಇರುತ್ತದೆ. ಒಳಗೆ ಬರಿದಾದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬೀಳುತ್ತದೆ. ದಿನಕ್ಕೆ ಮೂರರಲ್ಲಿ ಒಂದು ಪಾಲಿನಂತೆ ತೆಗೆಯುತ್ತ, ರಾತ್ರಿ ಕಳೆದು ಮಟ್ಟ ಮತ್ತೆ ಏರಿದೆಯೇ ಎಂದು ನೋಡಬೇಕು. ಏರಿದ್ದರೆ ಇನ್ನೊಂದು ದಿನ ಕಾಯಬೇಕು.