ಪಾಸ್‌ಬುಕ್: ಈ ಮಾತಿನ ಅರ್ಥ ಏನು?

ಓದಿ ಕಲಿಯುವ ಮಾತುಗಳು: ಪಾಸ್‌ಬುಕ್, ಖಾತೆ, ಜಮಾ, ಖರ್ಚು, ಬಾಕಿ, ರಸೀದಿ.



ಶಿಕಾರಿಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಸಂಜೆ ಪಾಠ ನಡೀತಿತ್ತು. ಒಬ್ಬ ಅವ್ವ ಚೀಲದಿಂದ ಚಿಕ್ಕ ಪುಸ್ತಕ ತೆಗೆದರು. "ಅಕ್ಕೋರೇ, ಇದರ ಮೇಲೆ ಪಾಸ್‌ಬುಕ್ ಅಂತ ಬರ್ದೈತೆ. ಓದಕ್ಕೆ ಬಂತು. ಆದ್ರೆ ನಾನ್ಯಾವಾಗ ಪರೀಕ್ಷೆ ಪಾಸಾದೆ?" ಅಂದರು. ಎಲ್ಲರೂ ನಕ್ಕೆವು. ಆದರೆ ಕೇಳಿದ್ದು ಒಳ್ಳೇ ಪ್ರಶ್ನೆ. ಅವತ್ತಿನ ಪಾಠ ಅದೇ ಆಯಿತು.

1. ಎರಡು ಮಾತು ಸೇರಿ ಒಂದು ಮಾತು

ಕೈ, ಚೀಲ ಸೇರಿದರೆ ಕೈಚೀಲ. ಮನೆ, ಕೆಲಸ ಸೇರಿದರೆ ಮನೆಕೆಲಸ. ಹಾಗೆಯೇ ಪಾಸ್, ಬುಕ್ ಸೇರಿದರೆ ಪಾಸ್‌ಬುಕ್. ಇವೆರಡೂ ಇಂಗ್ಲಿಷ್ ಮಾತು. ಈಗ ನಮ್ಮ ಬಾಯಲ್ಲಿ ಕನ್ನಡವೇ ಆಗಿವೆ.

'ಪಾಸ್' ಅನ್ನುವುದನ್ನು ನಾವು ಹೇಗೆಲ್ಲಾ ಆಡ್ತೇವೆ ನೋಡಿ.

ಮಗಳು ಹತ್ತನೇ ತರಗತಿ ಪಾಸಾದಳು. ಇಲ್ಲಿ ಪಾಸ್ ಅಂದರೆ ತೇರ್ಗಡೆ.
ಮಗನಿಗೆ ಬಸ್ ಪಾಸ್ ಮಾಡಿಸಿದೆವು. ಇಲ್ಲಿ ಪಾಸ್ ಅಂದರೆ ಓಡಾಡಲು ಕೊಟ್ಟ ಚೀಟಿ.
ಸಂಘದಲ್ಲಿ ಸಾಲ ಪಾಸಾಯಿತು. ಇಲ್ಲಿ ಪಾಸ್ ಅಂದರೆ ಮಂಜೂರು.

'ಬುಕ್' ಅಂದರೆ ಪುಸ್ತಕ. ಆದರೆ "ಗ್ಯಾಸ್ ಬುಕ್ ಮಾಡಿದೆ" ಅಂದರೆ ಪುಸ್ತಕ ಅಲ್ಲ. ಬೇಕು ಅಂತ ಮೊದಲೇ ಹೇಳಿಟ್ಟೆ ಎಂದು ಅರ್ಥ.

ಹಾಗಾದರೆ ಪಾಸ್‌ಬುಕ್? ಪಾಸ್ ಎಂಬುದಕ್ಕೆ ದಾಟಿಸು, ಕೈಗೆ ಕೊಡು ಎಂಬ ಅರ್ಥವೂ ಇದೆ. ಈ ಪುಸ್ತಕ ನಮ್ಮ ಕೈಯಿಂದ ಬ್ಯಾಂಕಿನವರ ಕೈಗೆ ಹೋಗುತ್ತದೆ. ಲೆಕ್ಕ ಬರೆಸಿಕೊಂಡು ತಿರುಗಿ ನಮ್ಮ ಕೈಗೆ ಬರುತ್ತದೆ. ಅದಕ್ಕೇ ಆ ಹೆಸರು. ತಿರುಗಿ ನಮ್ಮ ಕೈಗೇ ಬರಬೇಕು. ಇದನ್ನು ಮರೀಬೇಡಿ.

2. ಒಳಗೆ ಏನಿದೆ?

ಪುಟದ ಮೇಲೆ ಈ ಮನೆಗಳಿರುತ್ತವೆ. ತಾರೀಖು. ವಿವರ. ಖರ್ಚು, ಅಂದರೆ ತೆಗೆದ ಹಣ. ಜಮಾ, ಅಂದರೆ ಕಟ್ಟಿದ ಅಥವಾ ಬಂದ ಹಣ. ಕೊನೆಗೆ ಬಾಕಿ. ಕೆಲವು ಕಡೆ ಖರ್ಚಿಗೆ ಡೆಬಿಟ್, ಜಮಾಕ್ಕೆ ಕ್ರೆಡಿಟ್ ಎಂದು ಇರುತ್ತದೆ.

'ಬಾಕಿ' ಎಂಬ ಮಾತಿನಲ್ಲಿ ಎಚ್ಚರ ಬೇಕು. ಅಂಗಡಿ ಲೆಕ್ಕದಲ್ಲಿ ಬಾಕಿ ಅಂದರೆ ನಾವು ಕೊಡಬೇಕಾದ್ದು. ಉಳಿತಾಯದ ಪಾಸ್‌ಬುಕ್ಕಿನಲ್ಲಿ ಬಾಕಿ ಅಂದರೆ ನಮ್ಮದಾಗಿ ಉಳಿದದ್ದು. ಸಾಲದ ಪಾಸ್‌ಬುಕ್ಕಿನಲ್ಲಿ ಮತ್ತೆ ನಾವು ತೀರಿಸಬೇಕಾದ್ದು. ಮಾತು ಒಂದೇ, ಅರ್ಥ ತಿರುಗುಮುರುಗು. ಆದ್ದರಿಂದ ಮೊದಲು ರಟ್ಟಿನ ಮೇಲೆ ಯಾವ ಖಾತೆ ಅಂತ ಓದಿ.

3. ಒಬ್ಬ ಅಕ್ಕನ ಲೆಕ್ಕ

ಸೊರಬದ ಕಡೆಯ ಒಬ್ಬ ಅಕ್ಕ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ತಿಂಗಳಿಗೆ 200 ರೂಪಾಯಿ ಉಳಿಸುತ್ತಿದ್ದರು. ಬ್ಯಾಂಕು ದೂರ. ಪೇಟೆಗೆ ಹೋಗುವ ಪರಿಚಯದವರ ಕೈಗೆ ಹಣ ಕೊಡುತ್ತಿದ್ದರು. ಪಾಸ್‌ಬುಕ್ಕೂ ಅವರ ಹತ್ತಿರವೇ ಇತ್ತು. "ನಂಗೆ ಓದಕ್ಕೆ ಬರಲ್ಲ, ಇಟ್ಕೊಂಡು ಏನ್ ಮಾಡ್ಲಿ?" ಅನ್ನುತ್ತಿದ್ದರು.

ನಮ್ಮ ಕೇಂದ್ರದಲ್ಲಿ ಅಂಕಿ ಕಲಿತ ಮೇಲೆ ಪಾಸ್‌ಬುಕ್ ಕೇಳಿ ತಂದರು. ಜಮಾ ಮನೆಯ ಮೇಲೆ ಬೆರಳಿಟ್ಟು ಎಣಿಸಿದರು. ಕೊಟ್ಟದ್ದು 12 ಸಲ. ಬರೆದದ್ದು 9 ಸಲ. 600 ರೂಪಾಯಿ ಇಲ್ಲ! ನಮ್ಮ ಮುಖ ನೋಡಿದರು. ನಾವೂ ಎರಡು ಸಲ ಎಣಿಸಿದೆವು. ಅವರ ಲೆಕ್ಕ ಸರಿ.

ಮರುದಿನ ಹೋಗಿ ಕೇಳಿದರು. ಜಗಳ ಮಾಡಲಿಲ್ಲ. ಪುಟ ತೆರೆದು ತೋರಿಸಿದರು. ಆತ "ಮರೆತುಹೋಗಿತ್ತು" ಅಂದ. ಎರಡು ಕಂತಿನಲ್ಲಿ ಹಣ ಕೊಟ್ಟ. ಈಗ ಪಾಸ್‌ಬುಕ್ ಅಕ್ಕನ ಟ್ರಂಕಿನಲ್ಲೇ ಇದೆ.

4. ನೆನಪಿಡಿ

ನಮ್ಮ ದೇಶದಲ್ಲಿ ಅಂಚೆ ಉಳಿತಾಯ ಬ್ಯಾಂಕು 1882ರಿಂದ ಇದೆ. 1969ರಲ್ಲಿ 14 ದೊಡ್ಡ ಬ್ಯಾಂಕುಗಳು ಸರ್ಕಾರದವಾದವು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಅದರ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಹಾಕುವಂಥದ್ದು. ಬಂತೋ ಇಲ್ಲವೋ ಎಂದು ಯಾರನ್ನೋ ಯಾಕೆ ಕೇಳಬೇಕು? ಪಾಸ್‌ಬುಕ್ ಬರೆಸಿ, ಓದಿ.

ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ.
ಹಣ ಕಟ್ಟಿದ ಕೂಡಲೇ ರಸೀದಿ ಕೇಳಿ.
ಆಗಾಗ ಲೆಕ್ಕ ಬರೆಸಿ.
ಕಾರ್ಡಿನ ಗುಟ್ಟಿನ ನಂಬರನ್ನು, ಮೊಬೈಲಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಅಂತ ಫೋನು ಮಾಡಿದರೂ ಹೇಳಬೇಡಿ.

ಅಭ್ಯಾಸ

ಅ. ಜೋಡಿಸಿ ಬರೆಯಿರಿ: ಚೆಕ್ + ಬುಕ್ = ........ ನೋಟ್ + ಬುಕ್ = ........

ಆ. ಲೆಕ್ಕ ಮಾಡಿ: ಉಳಿತಾಯ ಖಾತೆಯಲ್ಲಿ ಬಾಕಿ 1,500 ರೂಪಾಯಿ ಇತ್ತು. 2,000 ಜಮಾ ಆಯಿತು. 800 ತೆಗೆದಿರಿ. ಈಗ ಬಾಕಿ ಎಷ್ಟು? (ಉತ್ತರ: 2,700)

ಇ. ನಿಮ್ಮ ಪಾಸ್‌ಬುಕ್ ತೆಗೆಯಿರಿ. ಮೊದಲು ನಿಮ್ಮ ಹೆಸರು ಓದಿ. ಆಮೇಲೆ ಕೊನೆಯ ಸಾಲಿನ ಬಾಕಿ ಓದಿ. ಪಕ್ಕದಲ್ಲಿ ಕೂತ ಅಕ್ಕನಿಗೂ ಓದಲು ಕಲಿಸಿ.